ಹೆಬ್ಬೆಟ್ಟಿನ ಚರಿತ್ರೆ

ಸಿರಸಂಗಿಗೆ ಹೊರಗಿನವರು ಬಂದರೆ ಎರಡು ಜಾಗ ನೋಡಿಕೊಂಡು ಹೋಗುತ್ತಾರೆ. ಒಂದು ಕಾಳಮ್ಮನ ಗುಡಿ, ಇನ್ನೊಂದು ದೇಸಾಯರ ವಾಡೆ. ಗುಡಿಗೆ ಪುರಾಣ ಇದೆ, ವಾಡೆಗೆ ಇತಿಹಾಸ ಇದೆ. ಕೇರಿಗೆ ಏನಿದೆ? ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಅದರ ತಳದಲ್ಲಿ ಅರಿವೆ ಸುತ್ತಿಟ್ಟ ಒಂದು ಕಾಗದ. ಕಾಗದದ ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಅದು ನಮ್ಮ ಮುತ್ಯಾನ ಅಪ್ಪನದು. ಅವನ ಫೋಟೋ ಇಲ್ಲ, ಹುಟ್ಟಿದ ತಾರೀಖು ಇಲ್ಲ, ಹುಗಿದ ಜಾಗವೂ ಗೊತ್ತಿಲ್ಲ. ಈ ಭೂಮಿಯ ಮೇಲೆ ಅವನು ಬಿಟ್ಟುಹೋದದ್ದು ಆ ಒಂದು ಮಸಿ ಗುರುತು ಮಾತ್ರ.

ನಾನು ಬಿ.ಎ. ಪಾಸಾದಾಗ ನಮ್ಮ ಆಯಿ ಟ್ರಂಕು ತೆಗೆದಳು. "ನಮ್ಮ ಮನ್ಯಾಗ ಓದಿದಾಂವ ನೀನ ಮೊದಲ. ಇದರಾಗ ಏನ ಬರದಾರ ಓದಿ ಹೇಳಪಾ" ಅಂದಳು. ನನಗೆ ಓದಲಿಕ್ಕೆ ಆಗಲಿಲ್ಲ. ಅದು ಮೋಡಿ ಲಿಪಿ, ಮರಾಠಿ ಭಾಷೆ. ಹದಿನೈದು ವರ್ಷ ಸಾಲಿ ಕಲಿತವನು ನಮ್ಮ ಮನೆಯ ಒಂದೇ ಒಂದು ದಾಖಲೆಯ ಮುಂದೆ ಆಯಿಯಷ್ಟೇ ನಿರಕ್ಷರಿಯಾಗಿ ಕೂತೆ. ಆಕೆ ನಕ್ಕಳು. ನನಗೆ ನಗು ಬರಲಿಲ್ಲ.

ಎರಡು ವರ್ಷದ ಮೇಲೆ ಧಾರವಾಡದಲ್ಲಿ ಮೋಡಿ ಬಲ್ಲ ಒಬ್ಬ ಹಿರಿಯರು ಓದಿ ಹೇಳಿದರು. 1934ರ ಕಾಗದ. ಅರವತ್ತು ರೂಪಾಯಿ. ಮನೆಯ ಹಿಂದಿನ ಹಿತ್ತಲ. ನಮ್ಮ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಮಾತು ಏನೆಂದರೆ, "ಹಿತ್ತಲಾ ಅಡಾ ಇಟ್ಟಿದ್ದ. ರೊಕ್ಕ ತಿರಗಿ ಕೊಟ್ಟರ ಜಾಗಾ ಬಿಟ್ಟಕೊಡ್ತೀನಿ ಅಂತ ಸಾವಕಾರ ಮಾತ ಕೊಟ್ಟಿದ್ದ." ಕಾಗದದಲ್ಲಿ ಅಡವು ಅನ್ನುವ ಪದವೇ ಇಲ್ಲ. ಕಾಯಂ ಖರೀದಿ ಅಂತ ಬರೆದಿದೆ. ಬಾಯಿ ಹೇಳಿದ್ದು ಅಡಮಾನ, ಕಾಗದ ಹೇಳಿದ್ದು ಮಾರಾಟ. ಹೆಬ್ಬೆಟ್ಟು ಬಾಯಿಯನ್ನು ನಂಬಿತು, ಕಾಯ್ದೆ ಕಾಗದವನ್ನು ನಂಬಿತು. ನಾನು ಬರೆಯಹೊರಟಿರುವುದು ಈ ಎರಡರ ನಡುವೆ ಕಳೆದುಹೋದ ಹಿತ್ತಲಗಳ ಚರಿತ್ರೆಯನ್ನು.

* * *

ಅದೇ ಊರಿನಲ್ಲಿ ಅದಕ್ಕೂ ಮೊದಲು ಇನ್ನೊಂದು ಕಾಗದ ಹುಟ್ಟಿತ್ತು. ಲಿಂಗರಾಜ ದೇಸಾಯರ ಮೃತ್ಯುಪತ್ರ. 1904ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದ ಅವರು 1906ರಲ್ಲಿ ತೀರಿಕೊಂಡರು. ಸಿರಸಂಗಿ-ನವಲಗುಂದದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಇವತ್ತಿಗೂ ಅವರ ಹೆಸರು ಹೊತ್ತು ನಿಂತಿದೆ. ದೊಡ್ಡ ಕೆಲಸ, ಅದನ್ನು ಸಣ್ಣದು ಮಾಡುವ ಚಟ ನನಗಿಲ್ಲ. ಎಷ್ಟೋ ಒಕ್ಕಲು ಮಕ್ಕಳು ಆ ಒಂದು ಕಾಗದದಿಂದ ವಕೀಲರಾದರು, ಡಾಕ್ಟರಾದರು. ಆದರೆ ವಾಡೆಯ ಕಣಜ ತುಂಬಿಸಿದ ಬೆವರಿಗೆ ಜಾತಿ ಇರಲಿಲ್ಲ. ಕಾಗದಕ್ಕೆ ಇತ್ತು.

ಒಂದು ಊರು, ಎರಡು ಕಾಗದ. ಒಂದನ್ನು ಓದುವವರಿದ್ದರು, ಅದರಂತೆ ನಡೆಸುವವರಿದ್ದರು. ಇನ್ನೊಂದನ್ನು ಓದುವವರೇ ಇರಲಿಲ್ಲ. ಈ ಭಾಗದ ಸಾಲದ ಇತಿಹಾಸವೆಲ್ಲ ಈ ವ್ಯತ್ಯಾಸದಲ್ಲಿದೆ.

* * *

ಸಾಲ ಹೊಸದಲ್ಲ. ಪೇಶ್ವೆ ಕಾಲದಲ್ಲೂ ಸಾವಕಾರ ಇದ್ದ, ಬಡ್ಡಿ ಇತ್ತು. ಆದರೆ ಆಗ ಸಾಲ ತೀರದಿದ್ದರೆ ಹೊಲ ಕಿತ್ತುಕೊಳ್ಳುವುದು ಸುಲಭ ಇರಲಿಲ್ಲ. ಸಾವಕಾರ ಊರಿನ ಮರ್ಜಿಯಲ್ಲಿ ಬದುಕಬೇಕಿತ್ತು. 1818ರಲ್ಲಿ ಪೇಶ್ವೆ ಬಿದ್ದ ಮೇಲೆ ಕಂಪನಿ ಸರಕಾರ ಬಂತು. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಸರ್ವೆ ಸರಪಳಿ ಧಾರವಾಡ-ಬೆಳಗಾವಿ ಸೀಮೆಯ ಎರೆ ಹೊಲಗಳ ಮೇಲೆ ಎಳೆದಾಡಿತು. 1865ರ ಮುಂಬಯಿ ಸರ್ವೆ ಕಾಯ್ದೆ, ಹೊಲದ ಹಕ್ಕನ್ನು ಮಾರಬಹುದು, ಪರಭಾರೆ ಮಾಡಬಹುದು ಅಂತ ಖಾತ್ರಿ ಮಾಡಿತು. ರೈತನಿಗೆ ಹಕ್ಕು ಬಂತು ಅಂದರು. ಮಾರುವ ಹಕ್ಕು ಬಂದ ದಿನವೇ ಕಳೆದುಕೊಳ್ಳುವ ಹಕ್ಕೂ ಬಂತು. ಹೊಲ ಈಗ ಜಾಮೀನು ಆಯಿತು, ಕೋರ್ಟಿನ ಬೇಲೀಫ ಸಾವಕಾರನ ಆಳಾದ.

ಇದರ ಮೇಲೆ 1859ರ ಕಾಲಮಿತಿ ಕಾಯ್ದೆ. ಸಾಲದ ಬಾಂಡಿಗೆ ಮೂರು ವರ್ಷದ ಆಯುಷ್ಯ. ರೈತನ ಹಿತಕ್ಕೆ ಅಂತಲೇ ಮಾಡಿದ್ದು. ಸಾವಕಾರ ಏನು ಮಾಡಿದ? ಮೂರು ವರ್ಷ ತುಂಬುವ ಮೊದಲು ಕರೆದು, ಬಡ್ಡಿಯನ್ನು ಅಸಲಿಗೆ ಸೇರಿಸಿ, ಹೊಸ ಬಾಂಡ್ ಬರೆಸಿ, ಹೊಸ ಹೆಬ್ಬೆಟ್ಟು ಒತ್ತಿಸಿದ. ಲೆಕ್ಕ ನೀವೇ ಹಾಕಿ. ನೂರು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ. ಮೂರು ವರ್ಷಕ್ಕೆ ಬಡ್ಡಿ 72. ಹೊಸ ಕಾಗದ 172ಕ್ಕೆ. ಆರನೇ ವರ್ಷಕ್ಕೆ 295 ಚಿಲ್ಲರೆ. ಒಂಬತ್ತನೇ ವರ್ಷಕ್ಕೆ 508. ಅಸಲಿನ ಮೇಲೆ ಅಸಲಿಗಿಂತ ಹೆಚ್ಚು ಬಡ್ಡಿ ಏರಬಾರದು ಅನ್ನುವ ದಾಮದುಪ್ಪಟ್ಟಿನ ಹಳೆಯ ನಿಯಮ ಈ ನಾಡಿನಲ್ಲಿ ಇತ್ತು. ಆ ನಿಯಮದಂತೆ ನೂರು ಇನ್ನೂರಾಗಬಹುದು, ಅಷ್ಟೇ. ಆದರೆ ಪ್ರತಿ ಹೊಸ ಕಾಗದವೂ ಹಳೆಯ ಬಡ್ಡಿಗೆ ಅಸಲಿನ ವೇಷ ಹಾಕಿತು. ಕೈಗೆ ಬಂದದ್ದು ನೂರೇ ರೂಪಾಯಿ ಅನ್ನುವುದು ಕೊನೆಯ ಕಾಗದದಲ್ಲಿ ಎಲ್ಲಿಯೂ ಇಲ್ಲ. ಸಾಲ ತನ್ನ ಚರಿತ್ರೆಯನ್ನು ತಾನೇ ಅಳಿಸಿಕೊಳ್ಳುತ್ತಾ ಬೆಳೆಯುತ್ತದೆ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಗ್ರಾಮದಲ್ಲಿ ರೈತರು ಎದ್ದರು. ಪುಣೆ-ಅಹಮದನಗರ ಸೀಮೆಯ ಹಳ್ಳಿಗಳಿಗೆ ಅದು ಹಬ್ಬಿತು. ಅವರು ಹುಡುಕಿದ್ದು ಬಂಗಾರವನ್ನಲ್ಲ. ಬಾಂಡುಗಳನ್ನು, ಡಿಕ್ರಿಗಳನ್ನು ಕಸಿದು ಬೆಂಕಿಗೆ ಹಾಕಿದರು. ಓದಲು ಬಾರದವರಿಗೆ ಕಾಗದದ ಜೊತೆ ಮಾತಾಡಲು ಇದ್ದ ಭಾಷೆ ಅದೊಂದೇ, ಬೆಂಕಿ. ಮರುವರ್ಷವೇ ದೊಡ್ಡ ಬರ ಬಂತು. 1876ರಿಂದ 78ರ ತನಕ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನು ತಿಂದು ಹಾಕಿತು.

1879ರಲ್ಲಿ ಸರಕಾರ ದಖನ್ ರೈತರ ಪರಿಹಾರ ಕಾಯ್ದೆ ತಂದಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗೆ, 1905ರಲ್ಲಿ ಮುಂಬಯಿ ಪ್ರಾಂತದ ಉಳಿದ ಜಿಲ್ಲೆಗಳಿಗೆ. ನಮ್ಮ ಬೆಳಗಾವಿಗೂ. ಗೆಳೆಯರೇ, ಈ ಕಾಯ್ದೆಯನ್ನು ಲೈಬ್ರರಿಯಲ್ಲಿ ಕೂತು ಓದಿದಾಗ ನನ್ನ ಕೈ ನಡುಗಿತು. ಬಾಂಡಿನಲ್ಲಿ ಏನು ಬರೆದಿದೆ ಅಂತ ನೋಡಿ ಸುಮ್ಮನಾಗಬೇಡ, ವ್ಯವಹಾರ ಶುರುವಾದ ದಿನದಿಂದ ಅದರ ಚರಿತ್ರೆಯನ್ನು ವಿಚಾರಿಸು ಅಂತ ಅದು ಕೋರ್ಟಿಗೆ ಹೇಳುತ್ತದೆ. ಅಸಲನ್ನೂ ಬಡ್ಡಿಯನ್ನೂ ಬೇರೆ ಬೇರೆ ಮಾಡು, ಬಡ್ಡಿಗೆ ಬಡ್ಡಿ ಹಚ್ಚಬೇಡ. ಅಡವು ಇಡದ ಹೊಲ-ಮನೆಯನ್ನು ಬರೀ ಕೈಸಾಲಕ್ಕೆ ಹರಾಜು ಹಾಕಬೇಡ. ಸಾಲಕ್ಕಾಗಿ ರೈತನನ್ನು ಜೈಲಿಗೆ ಕಳಿಸಬೇಡ. ಕೊಟ್ಟ ರೊಕ್ಕಕ್ಕೆ ರಶೀದಿ ಕೇಳುವ ಹಕ್ಕು ಸಾಲಗಾರನಿಗಿದೆ. ಹೊಟ್ಟೆಪಾಡಿಗೆ ಹೊಲದಲ್ಲಿ ದುಡಿಯುವ ಕೂಲಿಯವನೂ ಆ ಕಾಯ್ದೆಯಲ್ಲಿ ರೈತನೇ. ಮುಂದೆ ಅದಕ್ಕೆ ಸೇರಿಸಿದ ಒಂದು ಕಲಮು, ಕಾಗದದಲ್ಲಿ ಖರೀದಿ ಅಂತ ಇದ್ದರೂ ನಿಜದಲ್ಲಿ ಅದು ಅಡಮಾನವೇ ಆಗಿತ್ತು ಅಂತ ಬಾಯಿಮಾತಿನ ಸಾಕ್ಷಿಯಿಂದ ತೋರಿಸಬಹುದು ಅಂದಿತು.

ಬಾಯಿಮಾತಿನ ಸಾಕ್ಷಿ! ನಮ್ಮ ಮನೆಯಲ್ಲಿ ಅದು ಬಿಟ್ಟು ಬೇರೆ ಏನಿತ್ತು? 1934ರಲ್ಲಿ ಆ ಕಾಯ್ದೆ ಜೀವಂತ ಇತ್ತು. ಮುತ್ಯಾನ ಅಪ್ಪ ಕೋರ್ಟಿಗೆ ಹೋಗಿ ನಾಲ್ಕು ಜನರ ಕಡೆಯಿಂದ ಸಾಕ್ಷಿ ಹೇಳಿಸಿದ್ದರೆ ಹಿತ್ತಲ ತಿರುಗಿ ಬರಬಹುದಿತ್ತು. ಹೇಳುವವರು ಯಾರು? ಕಾಯ್ದೆ ಇಂಗ್ಲಿಷಿನಲ್ಲಿ, ಕಾಗದ ಮೋಡಿಯಲ್ಲಿ, ನಾವು ಕನ್ನಡದಲ್ಲಿ. ಚಾವಡಿಯ ಕಟ್ಟೆ ಏರುವ ಹಕ್ಕಿಲ್ಲದವನಿಗೆ ಕೋರ್ಟಿನ ಮೆಟ್ಟಿಲು ಎಷ್ಟು ದೂರ!

* * *

ಸ್ವತ್ತು ವರ್ಗಾವಣೆ ಕಾಯ್ದೆ 1882ರದು. ಅದು ಇವತ್ತಿಗೂ ಇದೆ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅಡಮಾನ ಅಂದರೆ ಮಾರಾಟ ಅಲ್ಲ. ಸಾಲಕ್ಕೆ ಭದ್ರತೆಯಾಗಿ ಮನೆಯ ಮೇಲಿನ ಒಂದು ಹಕ್ಕನ್ನು ಕೊಡುವುದು, ಮನೆಯನ್ನಲ್ಲ. ತೋರು ಅಡವಿನಲ್ಲಿ ಮನೆ ನಿನ್ನ ಕೈಯಲ್ಲೇ ಇರುತ್ತದೆ. ಭೋಗ್ಯದಲ್ಲಿ ಕಬಜಾ ಸಾಲ ಕೊಟ್ಟವನದು, ಬೆಳೆ-ಬಾಡಿಗೆ ಅವನು ತಿನ್ನುತ್ತಾನೆ. ಮೂಲ ಕಾಗದಪತ್ರಗಳನ್ನು ಒಪ್ಪಿಸಿ ಸಾಲ ತರುವುದು ಇನ್ನೊಂದು, ಈಗ ಬ್ಯಾಂಕುಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ. ಷರತ್ತಿನ ಖರೀದಿ ಎಲ್ಲಕ್ಕಿಂತ ಅಪಾಯದ್ದು. ಮೇಲೆ ಖರೀದಿ ಅಂತ ಬರೆದು, ರೊಕ್ಕ ತಿರುಗಿ ಕೊಟ್ಟರೆ ಸ್ವತ್ತು ವಾಪಸ್ಸು ಅನ್ನುವ ಷರತ್ತು ಹಾಕುವುದು. 1929ರ ತಿದ್ದುಪಡಿಯ ಪ್ರಕಾರ ಆ ಷರತ್ತು ಅದೇ ಕಾಗದದೊಳಗೇ ಇರಬೇಕು. ಬೇರೆ ಚೀಟಿಯಲ್ಲಿ ಬರೆದರೆ ಅದು ಅಡಮಾನ ಅಲ್ಲ, ಮಾರಾಟ. ಎಷ್ಟು ಮನೆಗಳು ಆ ಒಂದು ಚೀಟಿಯ ಗಾಳಿಗೆ ಹಾರಿಹೋದವೋ!

ಇವೆಲ್ಲಕ್ಕೂ ಮೇಲೆ ಬಿಡಿಸಿಕೊಳ್ಳುವ ಹಕ್ಕು ಅಂತ ಒಂದಿದೆ. ಸಾಲ ತೀರಿಸಿ ಸ್ವತ್ತನ್ನು ಬಿಡಿಸಿಕೊಳ್ಳುವ ಈ ಹಕ್ಕನ್ನು ಅಡಮಾನದ ಕರಾರು ಕಿತ್ತುಕೊಳ್ಳುವಂತಿಲ್ಲ. ಅಡಮಾನ ಅಂತ ಶುರುವಾದದ್ದು ಕೊನೆಯ ತನಕ ಅಡಮಾನವೇ. ಕಾಯ್ದೆ ಮಾಡಿದವರು ಮನೆಗೆ ತಿರುಗಿ ಬರುವ ಬಾಗಿಲನ್ನು ತೆರೆದೇ ಇಟ್ಟಿದ್ದರು. ಬಾಗಿಲಿಗೆ ಬಿದ್ದಿದ್ದ ಬೀಗದ ಹೆಸರು ಅಕ್ಷರ.

* * *

ಇಷ್ಟರ ತನಕ ಹೇಳಿದ್ದು ಹೊಲ-ಮನೆ ಇದ್ದವರ ಕತೆ. ಕೇರಿಯಲ್ಲಿ ಅಡವು ಇಡಲು ಏನಿತ್ತು? ಊರಿನ ಓಲೆ ಹೊತ್ತದ್ದಕ್ಕೆ, ಸತ್ತ ದನ ಎಳೆದದ್ದಕ್ಕೆ, ಹಗಲಿರುಳು ಚಾಕರಿ ಮಾಡಿದ್ದಕ್ಕೆ ಕೊಟ್ಟ ವತನದ ತುಂಡು ಭೂಮಿ ಇತ್ತು. 1874ರ ವತನ ಕಾಯ್ದೆಯ ಪ್ರಕಾರ ಸರಕಾರದ ಅಪ್ಪಣೆ ಇಲ್ಲದೆ ಅದನ್ನು ಹೊರಗಿನವರಿಗೆ ಮಾರುವಂತಿಲ್ಲ, ಅಡವು ಇಡುವಂತಿಲ್ಲ. ಒಳ್ಳೆಯದೇ ಆಯಿತಲ್ಲ ಅನ್ನಬಹುದು. ಆದರೆ ಆ ಭೂಮಿಗೆ ಚಾಕರಿಯ ಕೊರಳಪಟ್ಟಿ ಇತ್ತು. ಈ ಪಟ್ಟಿಯನ್ನು ಹರಿಯಬೇಕು ಅಂತಲೇ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ತಿದ್ದುಪಡಿ ಮಸೂದೆ ಮಂಡಿಸಿದ್ದು.

ಭೂಮಿ ಇಡಲು ಬಾರದವನು ಮೈ ಇಟ್ಟ. ಮಗನ ಮದುವೆಗೆ ತಂದ ಐವತ್ತು ರೂಪಾಯಿಗೆ ಮಗನನ್ನೇ ಜೀತಕ್ಕೆ ಬಿಟ್ಟ. ಭೋಗ್ಯದಲ್ಲಿ ಹೊಲದ ಬೆಳೆ ಹೋದರೆ ಜೀತದಲ್ಲಿ ಮನುಷ್ಯನ ವಯಸ್ಸು ಹೋಗುತ್ತದೆ. 1975ರ ಅಕ್ಟೋಬರ್ ತಿಂಗಳ ಸುಗ್ರೀವಾಜ್ಞೆ, ಆಮೇಲೆ 1976ರ ಕಾಯ್ದೆ ಜೀತವನ್ನು ರದ್ದು ಮಾಡಿದವು. ಜೀತದ ಸಾಲ ತೀರಿಸಬೇಕಾಗಿಲ್ಲ ಅಂದವು. ಬಿಡುಗಡೆಯಾದವನನ್ನು ಅವನಿದ್ದ ಗುಡಿಸಲಿನಿಂದ ಎಬ್ಬಿಸಬಾರದು ಅಂತಲೂ ಹೇಳಿದವು. ಅದೇ 1976ರಲ್ಲಿ ದೇವರಾಜ ಅರಸು ಸರಕಾರದ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಹೀನ ಕೂಲಿಗಳ ಖಾಸಗಿ ಸಾಲವನ್ನು ರದ್ದು ಮಾಡಿತು.

1978ರ ಪಿಟಿಸಿಎಲ್ ಕಾಯ್ದೆ ಇನ್ನೊಂದು ಹೆಜ್ಜೆ. ಸರಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿ ಪರಭಾರೆ ಆಗಿದ್ದರೆ ತಿರುಗಿ ಕೊಡಿಸಬೇಕು. ಪರಭಾರೆ ಅಂದರೆ ಮಾರಾಟ ಅಷ್ಟೇ ಅಲ್ಲ, ಅಡಮಾನವೂ ಸೇರಿತು, ಕಬಜಾ ಕೊಟ್ಟರೂ ಕೊಡದಿದ್ದರೂ. 1984ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ತಡಮಾಡಿ ಬಂದಿರಿ ಅಂತ ಬಾಗಿಲು ಕಿರಿದು ಮಾಡಿದಾಗ, 2023ರಲ್ಲಿ ರಾಜ್ಯ ಸರಕಾರ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತಂದಿತು. ಆದರೆ ಇದರ ವ್ಯಾಖ್ಯೆಯಲ್ಲಿ ಒಂದು ಸಣ್ಣ ಸಾಲು ಇದೆ. ಆನುವಂಶಿಕ ಹುದ್ದೆಗೆ ಸಂಬಂಧಿಸಿದ ಕಾನೂನಿನಡಿ ಬಂದ ಭೂಮಿ ಇದರಲ್ಲಿ ಸೇರುವುದಿಲ್ಲ. ಅಂದರೆ ನಮ್ಮ ವತನದ ಭೂಮಿ! ತಲೆತಲಾಂತರ ಬಿಟ್ಟಿ ಚಾಕರಿಯಿಂದ ಗಳಿಸಿದ ಭೂಮಿ, ಕೇರಿಯ ಎಲ್ಲಕ್ಕಿಂತ ಹಳೆಯ ಆಸ್ತಿ, ಅದೇ ಬೇಲಿಯ ಹೊರಗೆ ಉಳಿಯಿತು. ಒಂದು ಸಾಲು ಓದದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

* * *

ಇದು ಸಿರಸಂಗಿಯ ಗೋಳು ಮಾತ್ರ ಅಂತ ತಿಳೀಬ್ಯಾಡ್ರಿ. ಕರಿಯರ ಕೇರಿ ಅಮೆರಿಕದಲ್ಲೂ ಇದೆ. ಷಿಕಾಗೋದ ಕರಿಯರ ಬಡಾವಣೆಗಳಿಗೆ ಬ್ಯಾಂಕುಗಳು ಅಡಮಾನದ ಸಾಲ ಕೊಡುತ್ತಿರಲಿಲ್ಲ. ನಕ್ಷೆಯಲ್ಲಿ ಆ ಓಣಿಗಳಿಗೆ ಕೆಂಪು ಬಣ್ಣ ಬಳಿದಿದ್ದರು. ಅವರು ಮನೆಗಳನ್ನು ಕರಾರಿನ ಮೇಲೆ ಕೊಳ್ಳಬೇಕಾಯಿತು. ಕೊನೆಯ ಕಂತಿನ ತನಕ ಪತ್ರ ಮಾರುವವನ ಹೆಸರಿನಲ್ಲೇ, ಒಂದು ಕಂತು ತಪ್ಪಿದರೆ ಮನೆಯೂ ಹೋಯಿತು, ಕಟ್ಟಿದ ಹಣವೂ ಹೋಯಿತು. ನಮ್ಮ ಷರತ್ತಿನ ಖರೀದಿಯ ಅಣ್ಣ ಅದು. 1968ರಲ್ಲಿ ಅಲ್ಲಿಯ ಲಾನ್‌ಡೇಲ್ ಓಣಿಯ ಜನ ಸಂಘ ಕಟ್ಟಿದರು. ತಂತಮ್ಮ ಕರಾರುಗಳನ್ನು ತಂದು ಒಟ್ಟಿಗೆ ಕೂತು ಓದಿದರು. ಆ ಮನೆಯನ್ನು ಮಾರುವವನು ಎಷ್ಟಕ್ಕೆ ಕೊಂಡಿದ್ದ, ತಮಗೆ ಎಷ್ಟಕ್ಕೆ ಹಚ್ಚಿದ ಅಂತ ಹಳೆಯ ದಾಖಲೆ ತೆಗೆಸಿದರು. ಕಂತು ಕಟ್ಟುವುದನ್ನು ನಿಲ್ಲಿಸಿದರು. ನೂರಾರು ಮನೆಗಳ ಕರಾರು ತಿದ್ದಿಸಿಕೊಂಡರು. ಎಲ್ಲರೂ ಗೆಲ್ಲಲಿಲ್ಲ, ಎಷ್ಟೋ ಜನರನ್ನು ಬೀದಿಗೆ ಹಾಕಿದರು. ಆದರೆ ಅವರು ಕೇಳಿದ್ದೂ ಅದೇ ಪ್ರಶ್ನೆ, ಸಾಲದ ಚರಿತ್ರೆ.

* * *

ಈಗ ಸಾವಕಾರ ಪಟಗಾ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿಲ್ಲ. ಟೈ ಹಾಕಿಕೊಂಡು ಬೈಕಿನ ಮೇಲೆ ಬರುತ್ತಾನೆ. ಹೋದ ವರ್ಷ ನಮ್ಮ ದೊಡ್ಡಪ್ಪನ ಮಗನ ಮನೆಗೆ ಒಂದು ಮನೆಸಾಲದ ಕಂಪನಿಯಿಂದ ರಿಜಿಸ್ಟರ್ಡ್ ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಸಾಲಮನ್ನಾದ ಕಾಗದ ಇರಬೇಕು ಅಂತ ಅವರು ಅದನ್ನು ಬಾಬಾಸಾಹೇಬರ ಫೋಟೋದ ಹಿಂದೆ ಜೋಪಾನವಾಗಿ ಸಿಕ್ಕಿಸಿಟ್ಟಿದ್ದರು. ನಾನು ಊರಿಗೆ ಹೋದಾಗ ಓದಿದೆ. 2002ರ ಸರ್ಫೇಸಿ ಕಾಯ್ದೆಯ ಅರವತ್ತು ದಿನದ ನೋಟಿಸು. ನಲವತ್ತೊಂದು ದಿನ ಆಗಲೇ ಹೋಗಿತ್ತು.

ಈ ಕಾಯ್ದೆಯಲ್ಲಿ ಮನೆ ಹಿಡಿಯಲು ಸಾಲ ಕೊಟ್ಟವರು ಮೊದಲು ಕೋರ್ಟಿನಲ್ಲಿ ದಾವೆ ಹೂಡಬೇಕಾಗಿಲ್ಲ. ತೊಂಬತ್ತು ದಿನ ಕಂತು ತಪ್ಪಿದರೆ ಸಾಲ ವಸೂಲಾಗದ ಖಾತೆಗೆ ಬೀಳುತ್ತದೆ. ಆಮೇಲೆ ಅರವತ್ತು ದಿನದ ನೋಟಿಸು. ಆ ದಿನಗಳಲ್ಲಿ ತಕರಾರು ಬರೆದು ಕೊಡಬಹುದು, ಕೊಟ್ಟರೆ ಹದಿನೈದು ದಿನದಲ್ಲಿ ಕಾರಣ ಸಹಿತ ಉತ್ತರ ಬರೆಯಲೇಬೇಕು. ಕಬಜಾದ ನೋಟಿಸನ್ನು ಮನೆಗೆ ಅಂಟಿಸಬೇಕು, ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದಿರಬೇಕು. ಕಬಜಾದ ಕ್ರಮದ ಮೇಲೆ ನಲವತ್ತೈದು ದಿನದೊಳಗೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಬಹುದು. ಆದರೆ ಆ ಮಂಡಳಿ ಬೆಂಗಳೂರಿನಲ್ಲಿದೆ. ಹರಾಜಿನ ಪ್ರಕಟಣೆ ಹೊರಡುವ ತನಕ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕಿದೆ. ಬೇಸಾಯದ ಭೂಮಿಗೆ ಈ ಕಾಯ್ದೆ ಹತ್ತುವುದಿಲ್ಲ. ಒಂದು ಲಕ್ಷ ಮೀರದ ಸಾಲಕ್ಕೂ, ಬಾಕಿ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಉಳಿದ ಸಾಲಕ್ಕೂ ಹತ್ತುವುದಿಲ್ಲ.

ನಾವು ಕನ್ನಡದಲ್ಲೇ ತಕರಾರು ಬರೆದೆವು. ಒಂದೇ ಬೇಡಿಕೆ: ಮೊದಲ ದಿನದಿಂದ ಇವತ್ತಿನ ತನಕ ಲೆಕ್ಕ ಕೊಡಿ. ಲೆಕ್ಕ ಬಂತು. ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಚ್ಚಿದ್ದರು. ಹೀಗೆ ಮಾಡಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ 2024ರಿಂದ ಜಾರಿಯಲ್ಲಿದೆ. 1859ರ ಸಾವಕಾರನ ಕೈಚಳಕವೇ, ಕಂಪ್ಯೂಟರಿನೊಳಗೆ! ಬರೆದು ತೋರಿಸಿದ ಮೇಲೆ ಬಾಕಿ ಇಳಿಯಿತು, ಕಂತು ಹೊಸದಾಗಿ ಗೊತ್ತಾಯಿತು. ಮನೆ ಉಳಿಯಿತು. ಇದು ನನ್ನ ಜಾಣತನವಲ್ಲ, ಓದಿದ್ದರ ಫಲ ಅಷ್ಟೇ.

ಕಂತಿನ ಲೆಕ್ಕವನ್ನೂ ತಿಳಿದುಕೊಳ್ಳಿ. ಐದು ಲಕ್ಷ ಸಾಲ, ಇಪ್ಪತ್ತು ವರ್ಷ, ನೂರಕ್ಕೆ ಒಂಬತ್ತು ಬಡ್ಡಿ. ತಿಂಗಳ ಕಂತು ಸುಮಾರು 4,500. ಮೊದಲ ತಿಂಗಳು ಅದರಲ್ಲಿ 3,750 ಬಡ್ಡಿಗೇ ಹೋಗುತ್ತದೆ. ಐದು ವರ್ಷಕ್ಕೆ ಕಟ್ಟಿದ್ದು 2 ಲಕ್ಷ 70 ಸಾವಿರ, ಅಸಲು ಇಳಿದದ್ದು 56 ಸಾವಿರ ಚಿಲ್ಲರೆ. ಬಡ್ಡಿದರ ಏರಿದಾಗ ಕಂತು ಅಷ್ಟೇ ಇಟ್ಟು ವರ್ಷ ಬೆಳೆಸುವುದೂ ಉಂಟು. ಅದನ್ನು ಸಾಲಗಾರನಿಗೆ ತಿಳಿಸಬೇಕು ಅಂತ ನಿಯಮ ಇದೆ. ಸಾಲದ ಮುಖ್ಯ ಸಂಗತಿಗಳ ಪತ್ರ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಅಂತಲೂ ಇದೆ. ಕೇಳಿರಿ, ಕನ್ನಡದಲ್ಲಿ ಕೊಡಿ ಅನ್ನಿರಿ. ಸಾಲ ತೀರಿದ ಮೂವತ್ತು ದಿನದಲ್ಲಿ ಮೂಲ ಕಾಗದ ತಿರುಗಿ ಕೊಡಬೇಕು. ತಮ್ಮ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಅವರೇ ನಮಗೆ ಕೊಡಬೇಕು.

ಇನ್ನು ಹೆಣ್ಣುಮಕ್ಕಳ ಗುಂಪಿಗೆ ಕೊಡುವ ಕಿರುಸಾಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಅದು ಅಡಮಾನವೇ ಇಲ್ಲದ ಸಾಲ. ಅದಕ್ಕೆ ಮನೆ ಜಪ್ತಿ ಮಾಡುತ್ತೇವೆ, ಬಾಗಿಲಿಗೆ ಬೀಗ ಹಾಕುತ್ತೇವೆ ಅಂತ ಬಂದವನಿಗೆ ಯಾವ ಕಾಗದದ ಮೇಲೆ ಅಂತ ಕೇಳಬೇಕು. 2025ರ ಆರಂಭದಲ್ಲಿ ಸಾಲದ ಕಿರುಕುಳಕ್ಕೆ ರಾಜ್ಯದಲ್ಲಿ ಜನ ಊರು ಬಿಟ್ಟರು, ಜೀವ ಕಳೆದುಕೊಂಡರು. ಆ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಕಾಯ್ದೆಯೂ ಆಯಿತು. ಬಲವಂತದ ವಸೂಲಿಗೆ ಹತ್ತು ವರ್ಷದ ತನಕ ಜೈಲು. 1879ರಲ್ಲೂ ಕಾಯ್ದೆ ಬಂದಿತ್ತು. ಕಾಯ್ದೆ ತಾನಾಗಿ ಕೇರಿಗೆ ನಡೆದು ಬರುವುದಿಲ್ಲ, ಯಾರಾದರೂ ಹೊತ್ತು ತರಬೇಕು.

* * *

ಆ ಹಿತ್ತಲದಲ್ಲಿ ಈಗ ಬೇರೆಯವರ ದನದ ಕೊಟ್ಟಿಗೆ ಇದೆ. ಅದು ತಿರುಗಿ ಬರುವುದಿಲ್ಲ. ಆಯಿಗೆ ಕಾಗದದಲ್ಲಿದ್ದದ್ದನ್ನು ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ನಮ್ಮ ಮಾವ ಸುಳ್ಳ ಹೇಳಿರಲಿಲ್ಲ, ಅಂವಗ ಸುಳ್ಳ ಹೇಳಿದ್ರು" ಅಂದಳು. ಎಂಬತ್ತು ದಾಟಿದ ಆಕೆಗೆ ಅಷ್ಟು ಗೊತ್ತಾಗಬೇಕಿತ್ತು.

ನಾವು ಓದಿದ ನಾಲ್ಕು ಹುಡುಗರು, ಇಬ್ಬರು ಹುಡುಗಿಯರು ಈಗ ಐತವಾರ ಸಂಜೆ ಕೇರಿಯ ಸಮುದಾಯ ಭವನದಲ್ಲಿ ಕೂಡುತ್ತೇವೆ. ಭಾಷಣ ಇಲ್ಲ. ಜನ ಟ್ರಂಕಿನಿಂದ, ಗೂಡಿನಿಂದ, ಫೋಟೋದ ಹಿಂದಿನಿಂದ ಕಾಗದ ತೆಗೆದು ತರುತ್ತಾರೆ. ನಾವು ಗಟ್ಟಿಯಾಗಿ ಓದುತ್ತೇವೆ, ಕನ್ನಡದಲ್ಲಿ ಹೇಳುತ್ತೇವೆ, ಗೊತ್ತಾಗದ್ದನ್ನು ಬರೆದುಕೊಂಡು ಸವದತ್ತಿಯ ವಕೀಲರನ್ನು ಕೇಳಿಕೊಂಡು ಬರುತ್ತೇವೆ. ನಿಮ್ಮೂರ ಕೇರಿಯಲ್ಲೂ ಓದಿದ ಒಬ್ಬರಾದರೂ ಇರಬೇಕು. ಅವರನ್ನು ಹಿಡಿದು ಕೂಡಿಸಿರಿ. ಹೆಬ್ಬೆಟ್ಟು ಒತ್ತುವ ಮೊದಲು ಓದಿಸಿರಿ, ಒತ್ತಿ ಆಗಿದ್ದರೂ ತಂದು ಓದಿಸಿರಿ.